ಬೋಟ್ ಟ್ರೈಲರ್‌ಗೆ ಹೊಸ ಲ್ಯಾಚ್: ಅಂಗಳದಲ್ಲಿ ಟಕ್, ನೀರಿನಲ್ಲಿ ಸುಮ್ನೆ

ಏಪ್ರಿಲ್ ಕೊನೆ

ಅಮೆರಿಕದ ಮಿನೆಸೋಟದಲ್ಲಿ ಕೆರೆಗಳ ಮೇಲಿನ ಮಂಜುಗಡ್ಡೆ ಕರಗಿದೆ. ಮೇ ತಿಂಗಳಲ್ಲಿ ವಾಲೈ ಮೀನಿನ ಸೀಸನ್ ಶುರುವಾಗುತ್ತದೆ. ಅಷ್ಟರೊಳಗೆ ಟ್ರೈಲರ್‌ಗೆ ಲ್ಯಾಚ್ ಹಾಕಿಬಿಡಬೇಕು ಅಂತ ಕೂತೆ.

ನಮ್ಮದು 17 ಅಡಿಯ ಅಲ್ಯೂಮಿನಿಯಂ ಬೋಟು. ಅದನ್ನು ನೀರಿನಿಂದ ಟ್ರೈಲರ್ ಮೇಲೆ ಹತ್ತಿಸುವಾಗ ಒಬ್ಬರು ಟ್ರೈಲರ್‌ನ ಒದ್ದೆ ಕಂಬಿ ಮೇಲೆ ನಿಂತು, ಬೋಟಿನ ಮೂತಿಯಲ್ಲಿರುವ ಸ್ಟೀಲ್ ಕೊಂಡಿಗೆ ವಿಂಚ್ (ಹಿಡಿಕೆ ತಿರುಗಿಸಿ ಬೋಟು ಎಳೆಯುವ ರಾಟೆ) ಪಟ್ಟಿ ಸಿಕ್ಕಿಸಬೇಕು. ಜಾರಿದರೆ ಮೊಣಕಾಲು ಹೋಯ್ತು ಅಂತಲೇ ಲೆಕ್ಕ. ಲ್ಯಾಚ್ ಇದ್ದರೆ ಈ ಸರ್ಕಸ್ ಬೇಡ. ವಿಂಚ್ ಕಂಬದಲ್ಲಿ ರಬ್ಬರ್ ರೋಲರ್ ಇರುವ ಜಾಗದಲ್ಲೇ ಅದು ಕೂರುತ್ತದೆ. ಬೋಟಿನ ಮೂತಿ ಒಳಗೆ ಬಂದು ಒತ್ತಿದ ತಕ್ಷಣ ಸ್ಪ್ರಿಂಗ್ ಪಿನ್ನು ಅಡ್ಡಕ್ಕೆ ನುಗ್ಗಿ ಕೊಂಡಿಯನ್ನು ದಾಟುತ್ತದೆ. ನಾನು ಬೋಟಿನಲ್ಲೇ ಕೂತಿರಬಹುದು, ಹೆಂಡತಿ ಕಾರಿನಿಂದ ಇಳಿಯದೆ ಎಳೆಯಬಹುದು.

ಕೊಳ್ಳುವ ಮುಂಚೆ ಕೊಂಡಿಯ ಸರಳು ಎಷ್ಟು ದಪ್ಪ ಅಂತ ಅಳೆದುಕೊಳ್ಳಿ. ಚಿಕ್ಕ ಬೋಟುಗಳಲ್ಲಿ 3/8 ಇಂಚು ಇರುತ್ತದೆ, ಸ್ವಲ್ಪ ದೊಡ್ಡವುಗಳಲ್ಲಿ ಅರ್ಧ ಇಂಚು. ದಪ್ಪಕ್ಕೆ ತಕ್ಕ ಲ್ಯಾಚ್ ತರದಿದ್ದರೆ ಒಂದೋ ಕೊಂಡಿ ಒಳಗೇ ಹೋಗುವುದಿಲ್ಲ, ಇಲ್ಲಾ ದಾರಿಯುದ್ದಕ್ಕೂ ಗಡಗಡ ಅನ್ನುತ್ತದೆ.

ಹಳೇ ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ರಾತ್ರಿ ಎಣ್ಣೆ ಸ್ಪ್ರೇ ಹೊಡೆದು ಬಿಟ್ಟೆ, ಬೆಳಿಗ್ಗೆ ಸ್ಪ್ಯಾನರ್‌ಗೆ ಬಗ್ಗಿದವು. ಹೊಸದಾಗಿ ಹಾಕಿದ್ದೆಲ್ಲ ಸ್ಟೇನ್‌ಲೆಸ್. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಹಾಗೇ ಒಣಗಿದ್ದಾಗ ಬಿಗಿದರೆ ತಿರುಪಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ಆಮೇಲೆ ಕತ್ತರಿಸುವುದೇ ಗತಿ. ಎಳೆಗಳಿಗೆ ಆ್ಯಂಟಿ-ಸೀಜ್ ಪೇಸ್ಟ್ ಸವರಿಯೇ ಬಿಗಿಯಿರಿ.

ಅದೇ ವಾರ, ತೂಕದ ಪಂಚಾಯ್ತಿ

ಹಳೇ ರೋಲರ್‌ಗಿಂತ ಲ್ಯಾಚ್ ಮೂರು ಇಂಚು ಉದ್ದ. ಅಂದರೆ ವಿಂಚ್ ಕಂಬ ಇದ್ದಲ್ಲೇ ಇದ್ದರೆ ಇಡೀ ಬೋಟು ಮೂರು ಇಂಚು ಹಿಂದಕ್ಕೆ ಹೋಗುತ್ತದೆ. ಇದೇನು ಮಹಾ ಅನ್ನಿಸಬಹುದು. ಆದರೆ ಬೋಟಿನ ಹಿಂಭಾಗ, ಅಂದರೆ ಮೋಟಾರ್ ತೂಗುವ ಕಡೆ, ಕೆಳಗಿನ ಉದ್ದ ಹಲಗೆಗಳ ಮೇಲೆ ಪೂರ್ತಿ ಕೂತಿರಬೇಕು. ಹಲಗೆ ದಾಟಿ ಹೊರಗೆ ಚಾಚಿದರೆ ತಳದ ತಗಡು ನಿಧಾನವಾಗಿ ಬಾಗುತ್ತದೆ.

ಇನ್ನೊಂದು, ಕಾರಿನ ಹಿಚ್ ಮೇಲೆ, ಅಂದರೆ ಟ್ರೈಲರ್ ಸಿಕ್ಕಿಸುವ ಕೊಕ್ಕೆಯ ಮೇಲೆ, ಬೀಳುವ ಭಾರ. ಬೋಟ್ ಟ್ರೈಲರ್‌ಗೆ ಇದು ಒಟ್ಟು ತೂಕದ ಶೇ. 5ರಿಂದ 10ರಷ್ಟು ಇರಬೇಕು ಅನ್ನುವುದು ರೂಢಿ. ನಮ್ಮದು ಬೋಟು, ಮೋಟಾರ್, ಟ್ರೈಲರ್ ಎಲ್ಲ ಸೇರಿ ಸುಮಾರು 900 ಕೆಜಿ. ಹಾಗಾಗಿ 45ರಿಂದ 90 ಕೆಜಿ ಒಳಗೆ ಬರಬೇಕು. ಚಕ್ರಕ್ಕೆ ಅಡ್ಡ ಕೊಟ್ಟು, ಟ್ರೈಲರ್‌ನ ತುದಿಯನ್ನು ಹಿಚ್‌ನ ಎತ್ತರಕ್ಕೆ ಮರದ ತುಂಡಿನ ಮೇಲೆ ನಿಲ್ಲಿಸಿ, ಕೆಳಗೆ ಬಾತ್‌ರೂಮಿನ ತೂಕದ ಮಷೀನ್ ಇಟ್ಟೆ. 60 ತೋರಿಸಿತು. ಟ್ರೈಲರ್ ಮೇಲಿರುವ ಭಾರ 650 ಕೆಜಿ, ಚಕ್ರದಿಂದ ಹಿಚ್‌ಗೆ ನಾಲ್ಕೂಕಾಲು ಮೀಟರ್. ಮೂರು ಇಂಚು ಹಿಂದೆ ಹೋದರೆ ಹನ್ನೆರಡು ಕೆಜಿ ಹತ್ತಿರ ಕಮ್ಮಿಯಾಗುತ್ತದೆ. ಆಗ ಉಳಿಯುವುದು 48. ಮುಂಭಾರ ಕಮ್ಮಿಯಾದರೆ ಹೈವೇಯಲ್ಲಿ ಟ್ರೈಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಹಾಗಾಗಿ ಯು-ಬೋಲ್ಟ್ ಸಡಿಲಿಸಿ ಕಂಬವನ್ನೇ ಮೂರು ಇಂಚು ಮುಂದಕ್ಕೆ ತಳ್ಳಿದೆ. ಬೋಟು ತನ್ನ ಹಳೇ ಜಾಗದಲ್ಲೇ ಉಳಿಯಿತು.

ಅಂಗಳದಲ್ಲಿ ಪರೀಕ್ಷೆ ಆಯ್ತು. ಪಿನ್ನು ಟಕ್ ಅಂತ ದಾಟಿತು. ಹಿಡಿಕೆ ಎಳೆದರೆ ಬಿಟ್ಟಿತು.

ಮೇ, ಕೆರೆ

ಮಿನೆಟೊಂಕಾ ಕೆರೆಯಲ್ಲಿ ಬೋಟು ಇಳಿಸುವ ಕಾಂಕ್ರೀಟ್ ಇಳಿಜಾರಿಗೆ ಹೋದೆವು. ಬೋಟು ಇಳಿಸಿ, ಸ್ವಲ್ಪ ಸುತ್ತಿ, ವಾಪಸ್ ಹತ್ತಿಸಲು ಬಂದೆ. ಮೂತಿ ಹೋಗಿ ಕಂಬಕ್ಕೆ ತಾಗಿತು. ಶಬ್ದ ಇಲ್ಲ.

"ರೀ, ಎಳೀಲಾ?"

"ತಡಿ ತಡಿ, ಟಕ್ ಅನ್ನಲಿಲ್ಲ."

ಹಿಂದಕ್ಕೆ ಹೋಗಿ ಮತ್ತೆ ಬಂದೆ. ಅದೇ ಕತೆ. ಇನ್ನೇನು, ಹಳೇ ವಿಂಚ್ ಪಟ್ಟಿಯೇ ಗತಿ.

ಮುಂದಿನ ಸಲ ಹೋಗುವಾಗ ದೇವರ ಮನೆಯಿಂದ ಒಂದು ಚಿಟಿಕೆ ಕುಂಕುಮ ತಗೊಂಡು ಗ್ರೀಸಿನಲ್ಲಿ ಕಲಸಿಟ್ಟುಕೊಂಡೆ. ಅದನ್ನು ಕೊಂಡಿಗೆ ಸವರಿ ಬೋಟನ್ನು ಮುಂದಕ್ಕೆ ಬಿಟ್ಟೆ. ಹಿಂದೆ ಸರಿಸಿ ನೋಡಿದರೆ ಲ್ಯಾಚ್ ಬಾಯಿಯ ಕೆಳತುಟಿಯ ಮೇಲೆ ಉಗುರಿನಷ್ಟು ಅಗಲದ ಕೆಂಪು ಗುರುತು. ಒಳಗಿನ ಟ್ರಿಗರ್ ಮೇಲೆ ಒಂದು ಚುಕ್ಕೆಯೂ ಇಲ್ಲ. ಅಂದರೆ ಕೊಂಡಿ ತಗ್ಗಿನಲ್ಲಿ ಬಂದು ತುಟಿಗೆ ತಾಗಿ ಅಲ್ಲೇ ನಿಲ್ಲುತ್ತಿದೆ.

ಕಾರಣ ಯೋಚಿಸಿದರೆ ಸರಳ. ಇಳಿಜಾರಿನಲ್ಲಿ ಟ್ರೈಲರ್ ಓರೆಯಾಗಿ ನಿಂತಿರುತ್ತದೆ, ನೀರಿನಲ್ಲಿ ತೇಲುವ ಬೋಟು ಮಟ್ಟಸವಾಗಿರುತ್ತದೆ. ಟ್ರೈಲರ್ ಲೆಕ್ಕದಲ್ಲಿ ನೋಡಿದರೆ ಬೋಟಿನ ಬಾಲ ಎದ್ದಿದೆ, ಮೂತಿ ಬಗ್ಗಿದೆ. ಅಂಗಳದಲ್ಲಿ ಬೋಟು ಪೂರ್ತಿ ಕೂತಿರುವಾಗ ಹೊಂದಿಸಿದ ಎತ್ತರ ಇಲ್ಲಿ ಹೊಂದುವುದಿಲ್ಲ. ಕೈಪಿಡಿಯಲ್ಲಿ ಮಾತ್ರ "ಬೋಟನ್ನು ಪೂರ್ತಿ ಕೂರಿಸಿ ಅಳೆಯಿರಿ" ಅಂತಷ್ಟೇ ಇದೆ. ಬರೆದವರು ಇಳಿಜಾರಿನ ಕಡೆ ತಲೆ ಹಾಕಿದ್ದಾರೋ ಇಲ್ಲವೋ.

ಎರಡು ಬದಲಾವಣೆ ಮಾಡಿದೆ. ಲ್ಯಾಚನ್ನು ಅರ್ಧ ಇಂಚು ಕೆಳಗಿಳಿಸಿದೆ. ಕೊಂಡಿಯೊಳಗೆ ಪಿನ್ನಿಗೆ ಮೇಲೆ ಕೆಳಗೆ ಆಡಲು ಜಾಗ ಇರುವುದರಿಂದ, ಬೋಟು ಕೂತಾಗ ತೊಂದರೆಯಿಲ್ಲ. ಎರಡನೆಯದು ಜಾಸ್ತಿ ಮುಖ್ಯ: ಟ್ರೈಲರನ್ನು ಅಷ್ಟು ಆಳಕ್ಕೆ ಇಳಿಸಬಾರದು. ಹಲಗೆಗಳ ಮುಂತುದಿ ನೀರಿನಿಂದ ಹೊರಗೆ ಕಾಣುವಷ್ಟೇ ಸಾಕು. ಆಗ ಬಾಲ ಕಮ್ಮಿ ಏಳುತ್ತದೆ, ಮೂತಿಯೂ ಕಮ್ಮಿ ಬಗ್ಗುತ್ತದೆ.

ಟಕ್! ಕಾರಿನೊಳಗಿದ್ದವಳಿಗೂ ಕೇಳಿಸಿತು.

ಒಂದು ಮಾತು. ಲ್ಯಾಚ್ ಹಿಡಿಯಲಿಲ್ಲ ಅಂತ ಕೆಲವರು ಮೋಟಾರ್ ಜೋರು ಮಾಡಿ ನುಗ್ಗಿಸುತ್ತಾರೆ. ಬೇಡ. ಪ್ರೊಪೆಲ್ಲರ್ ಎಬ್ಬಿಸುವ ನೀರು ಕಾಂಕ್ರೀಟ್ ಮುಗಿಯುವಲ್ಲಿ ಮಣ್ಣು ಕೊರೆದು ಗುಂಡಿ ಮಾಡುತ್ತದೆ. ಆಮೇಲೆ ಯಾರದೋ ಟ್ರೈಲರ್ ಚಕ್ರ ಅದರೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಹೊಂದಿಕೆ ಸರಿಯಿದ್ದರೆ ಐಡಲ್ ವೇಗವೇ ಸಾಕು.

ಜೂನ್

ಈಗ ಹಿಡಿಯುತ್ತದೆ, ಬಿಡುವುದಿಲ್ಲ! ಮುಂದಿನ ಸಲ ಬೋಟು ಇಳಿಸುವಾಗ ಹಿಡಿಕೆ ಅಲುಗಾಡಲೇ ಇಲ್ಲ. ಇದಕ್ಕೂ ಕಾರಣ ಆ ಓರೆಯೇ. ಟ್ರೈಲರ್ ಮೇಲೆ ಬಂದ ಹಾಗೆ ಬಾಲ ಕೆಳಗೆ ಕೂರುತ್ತದೆ, ಮೂತಿ ಮೇಲೆದ್ದು ಚೂರು ಹಿಂದಕ್ಕೆ ಎಳೆಯುತ್ತದೆ. ಆ ಎಳೆತವೆಲ್ಲ ಪಿನ್ನಿನ ಮೇಲೆ. ಸುತ್ತಿಗೆ ತಗೋಬೇಡಿ. ವಿಂಚ್ ಹಿಡಿಕೆಯನ್ನು ಅರ್ಧ ಸುತ್ತು ಬಿಗಿದರೆ ಬೋಟು ಮುಂದೆ ಬಂದು ಪಿನ್ನು ಹಗುರಾಗುತ್ತದೆ, ಬೆರಳಲ್ಲೇ ಬರುತ್ತದೆ. ನೀರಿನಲ್ಲಿದ್ದರೆ ಮೋಟಾರನ್ನು ಒಂದು ಕ್ಷಣ ಮುಂದಿನ ಗೇರಿಗೆ ಹಾಕಿದರೂ ಆಯ್ತು.

ಪಿನ್ನು ಬಿಗಿಯಾಗಲು ಇನ್ನೊಂದು ಕಾರಣ ಕಳೆ. ಲ್ಯಾಚ್ ಬಾಯಲ್ಲಿ ನೀರುಗಿಡದ ಎಳೆಗಳು ಸುತ್ತಿಕೊಂಡು, ಅದಕ್ಕೆ ಮರಳು ಅಂಟಿ, ಸ್ಪ್ರಿಂಗ್ ತಡವರಿಸುತ್ತಿತ್ತು. ಅದನ್ನು ಹೇಗೂ ತೆಗೆಯಲೇಬೇಕು. ಈ ಕೆರೆಯಲ್ಲಿ 2010ರಲ್ಲಿ ಜೀಬ್ರಾ ಮಸಲ್ ಪತ್ತೆಯಾಯಿತು; ಬೋಟು, ಕಳೆಗಳಿಗೆ ಅಂಟಿಕೊಂಡು ಕೆರೆಯಿಂದ ಕೆರೆಗೆ ಹರಡುವ ಹೊರಗಿನ ಚಿಪ್ಪುಜೀವಿ ಅದು. ಬೋಟಿಗೋ ಟ್ರೈಲರಿಗೋ ಕಳೆ ಅಂಟಿಸಿಕೊಂಡು ರಸ್ತೆಗೆ ಇಳಿಯುವುದು ಈ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ. ತಳದ ಬಿರಡೆ ತೆಗೆದು ನೀರನ್ನೂ ಬಸಿದಿರಬೇಕು. ಗ್ರೀಸಿಗೆ ಮರಳು ಅಂಟುತ್ತದೆ ಅಂತ ಈಗ ಪಿನ್ನಿಗೆ ಸಿಲಿಕೋನ್ ಸ್ಪ್ರೇ ಮಾತ್ರ.

ರಸ್ತೆಯಲ್ಲಿ ಮಾತ್ರ ನಾನು ಲ್ಯಾಚ್ ಒಂದನ್ನೇ ನಂಬುವುದಿಲ್ಲ. ವಿಂಚ್ ಪಟ್ಟಿ, ಮೂತಿಗೆ ಸೇಫ್ಟಿ ಚೈನು, ಹಿಂದೆ ಎರಡು ಬೆಲ್ಟು, ಎಲ್ಲ ಹಾಕಿಯೇ ಹೊರಡುವುದು. ಇದು ಇಳಿಜಾರಿನ ಕೆಲಸಕ್ಕೆ ಇರುವ ಸಾಮಾನು ಅಷ್ಟೇ.

ಬಾಕಿ ಇರುವುದು: ಹಿಡಿಕೆಗೆ ಒಂದು ಹಗ್ಗ ಕಟ್ಟಿ ಬೋಟಿನೊಳಗಿಂದಲೇ ಪಿನ್ನು ಎಳೆಯುವ ಏರ್ಪಾಡು. ಹಗ್ಗ ಮೂತಿ ಮತ್ತು ಕಂಬದ ನಡುವೆ ಸಿಕ್ಕಿಕೊಳ್ಳದ ಹಾಗೆ ಎಲ್ಲಿಂದ ತರುವುದು ಅಂತ ಇನ್ನೂ ನೋಡುತ್ತಿದ್ದೇನೆ. ಯಾರಾದರೂ ಮಾಡಿದ್ದರೆ ಒಂದು ಫೋಟೋ ಕಳಿಸಿ.