ಮಡಕೆಯ ಬೆನ್ನಿನ ಮೇಲೆ ಅರಳಿದ ತೊಡೆದೇವು

ತೊಡೆದೇವು ಅನ್ನುವ ಮಲೆನಾಡಿನ ಸಿಹಿತಿಂಡಿಯನ್ನು ಚಿಕ್ಕವಳಿದ್ದಾಗಿನಿಂದ ತಿಂದಿದ್ದೇನೆ. ಆದರೆ ಯಾವಾಗಲೂ ಡಬ್ಬಿಯಿಂದಲೇ. ಘಟ್ಟದ ಮೇಲಿನಿಂದ ಯಾರಾದರೂ ಕಾರವಾರಕ್ಕೆ ಬಂದರೆ ಒಂದಿಷ್ಟು ತಂದುಕೊಡುತ್ತಿದ್ದರು. ಕಾಗದದಷ್ಟು ತೆಳು, ಮುಟ್ಟಿದರೆ ಪುಡಿ. ಇದನ್ನು ಹೇಗೆ ಮಾಡ್ತಾರೆ ಅಂತ ಕಣ್ಣಾರೆ ನೋಡುವ ಆಸೆ ಈ ಫೆಬ್ರವರಿಯಲ್ಲಿ ಈಡೇರಿತು. ಶಿರಸಿ ಹತ್ತಿರದ ಹಳ್ಳಿಯ ಗೆಳತಿ ಫೋನ್ ಮಾಡಿ, "ಆಲೆಮನೆ ಶುರುವಾಗಿದೆ, ಬೇಗ ಬಾ" ಅಂದಳು. ಆಲೆಮನೆ ಅಂದರೆ ಕಬ್ಬು ಅರೆದು ಬೆಲ್ಲ ಮಾಡುವ ಜಾಗ.

ಬೆಳಗಿನ ಬಸ್ಸಿಗೇ ಹೊರಟೆ. ಅಂಕೋಲಾ ದಾಟಿ, ಕುಮಟಾದಲ್ಲಿ ಇಳಿದು ಶಿರಸಿ ಬಸ್ ಹತ್ತಿದೆ. ಅಲ್ಲಿಂದ ಸುಮಾರು 60 ಕಿ.ಮೀ. ದೇವಿಮನೆ ಘಟ್ಟ ಏರುತ್ತಿದ್ದಂತೆ ಮೈಮೇಲಿನ ಬೆವರು ಆರಿತು. ಆಮೇಲೆ ಕಣ್ಣು ಹಾಯಿಸಿದಲ್ಲೆಲ್ಲ ಅಡಿಕೆ ತೋಟ.

ಗೆಳತಿಯ ಮನೆ ತಲುಪುವ ಮೊದಲೇ ಬೆಲ್ಲದ ವಾಸನೆ ಬಂತು. ಗದ್ದೆ ಬದಿಯ ಚಪ್ಪರದಲ್ಲಿ ದೊಡ್ಡ ಕೊಪ್ಪರಿಗೆ ಕುದಿಯುತ್ತಿತ್ತು. ಹಿಂದೆ ಕೋಣ ಕಟ್ಟಿ ಗಾಣ ತಿರುಗಿಸುತ್ತಿದ್ದರು, ಈಗ ಯಂತ್ರ ಇದೆ. ಇಲ್ಲಿ ಕಬ್ಬಿನ ರಸಕ್ಕೆ ಕಬ್ಬಿನ ಹಾಲು ಅಂತಲೇ ಹೆಸರು. ಎಷ್ಟು ಚಂದದ ಮಾತು, ಅಲ್ವಾ? ಹೋದ ಕೂಡಲೇ ದೊಡ್ಡ ಲೋಟದ ತುಂಬ ಅದನ್ನೇ ಕೊಟ್ಟರು.

ತೊಡೆದೇವಿಗೆ ಬೇಕಾಗಿದ್ದೂ ಅದೇ ಹಾಲು. ನೆನೆಸಿದ ಅಕ್ಕಿಯನ್ನು ಗಂಧದ ಹಾಗೆ ನುಣ್ಣಗೆ ರುಬ್ಬಿ, ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿದ್ದರು. ಜೊತೆಗೆ ಏಲಕ್ಕಿ. ಕಬ್ಬಿನ ಹಾಲು ಸಿಗದ ದಿನಗಳಲ್ಲಿ ಬೆಲ್ಲದ ನೀರಿನಲ್ಲಿ ಮಾಡುವುದೂ ಉಂಟು.

ಒಲೆಯ ಮೇಲೆ ಒಂದು ಮಣ್ಣಿನ ಮಡಕೆ ಬೋರಲು ಮಲಗಿತ್ತು. ತಳ ಎಣ್ಣೆ ಕುಡಿದು ಕುಡಿದು ಕಪ್ಪಗೆ ಮಿರುಗುತ್ತಿತ್ತು. ಹೊಸ ಮಡಕೆಯಲ್ಲಿ ತೊಡೆದೇವು ಏಳುವುದಿಲ್ಲ, ಮೊದಲು ಅದನ್ನು ಪಳಗಿಸಬೇಕು. ಗೆಳತಿಯ ಆಯಿ, ಅಂದರೆ ಅಮ್ಮ, ಎಣ್ಣೆ ಸವರಿದರು. ಕೋಲಿಗೆ ಸುತ್ತಿದ್ದ ತೆಳು ಹತ್ತಿ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿದರು. ಮಡಕೆಯ ಬೆನ್ನಿನ ಮೇಲೆ ಒಂದೇ ಸಲ ಎಳೆದರು. ಚುಂಯ್ ಅಂತ ಸದ್ದು, ಏಲಕ್ಕಿ ಘಮ. ಹಿಟ್ಟಿನಲ್ಲಿ ಬಟ್ಟೆಯ ನೂಲಿನ ಗೆರೆಗಳು ಕಾಣುತ್ತಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿ ಹೋಗಿ ಹೊಂಬಣ್ಣ ಬಂತು, ಅಂಚು ತಾನಾಗಿಯೇ ಎದ್ದಿತು. ಬೆರಳಲ್ಲಿ ಅಂಚು ಹಿಡಿದು ಎತ್ತಿ, ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿದರು. ಆ ಕ್ಷಣಕ್ಕೆ ಅದು ಬಟ್ಟೆಯಷ್ಟೇ ಮೆತ್ತಗೆ. ತಟ್ಟೆಗೆ ಬಿದ್ದು ಆರುವಷ್ಟರಲ್ಲಿ ಗರಿಗರಿ.

ತೊಡೆಯುವುದು ಅಂದರೆ ಸವರುವುದು. ಇಲ್ಲಿನ ಹವ್ಯಕರು ದೋಸೆಗೆ ತೆಳ್ಳೇವು ಅನ್ನುತ್ತಾರೆ, ತೆಳ್ಳಗಿನದು ಅಂತ. ಹಾಗೆಯೇ ತೊಡೆದದ್ದು ತೊಡೆದೇವು. ಮಾಡುವ ರೀತಿಯೇ ಹೆಸರಾಗಿ ಕೂತಿದೆ. ಇಷ್ಟು ದಿನ ಹೆಸರು ಹೇಳಿಕೊಂಡೇ ತಿಂದಿದ್ದೆ, ಅರ್ಥವಾಗಿದ್ದು ಆ ಒಲೆಯ ಮುಂದೆ.

ನನಗೂ ಕೋಲು ಕೊಟ್ಟರು. ಮೊದಲ ಎರಡು ಹರಿದುಹೋದವು. "ಬೆಂಕಿ ಜಾಸ್ತಿ ಆದ್ರೆ ಹಿಟ್ಟು ಹಿಡಿಯೂದಿಲ್ಲ ತಂಗಿ, ಕಮ್ಮಿ ಆದ್ರೆ ಏಳೂದಿಲ್ಲ" ಎನ್ನುತ್ತ ಆಯಿ ಒಂದು ಕೊಳ್ಳಿ ಹೊರಗೆಳೆದರು. ಬಟ್ಟೆಯನ್ನು ಒತ್ತಬಾರದು, ಸುಮ್ನೆ ಮಡಕೆಯ ಮೇಲೆ ಜಾರಿಸಬೇಕು. ಐದನೆಯದು ಇಡಿಯಾಗಿ ಎದ್ದಾಗ ಆದ ಖುಷಿ ಹೇಳತೀರದು.

ಊಟದ ಕೊನೆಗೆ ಬಟ್ಟಲಲ್ಲಿ ತೊಡೆದೇವು ಮುರಿದು ಹಾಕಿ, ಬಿಸಿ ಹಾಲು, ಮೇಲೊಂದು ಚಮಚ ತುಪ್ಪ ಬಡಿಸಿದರು. ಕೂಡಲೇ ತಿನ್ನಬೇಕು. ಅರ್ಧ ನೆನೆದು ಅರ್ಧ ಗರಿಯಾಗಿರುವ ಆ ಹದ ಬಹಳ ಹೊತ್ತು ನಿಲ್ಲುವುದಿಲ್ಲ. ಒಣಗಿದ್ದನ್ನು ಹಾಗೇ ತಿನ್ನುವುದಕ್ಕಿಂತ ನನಗೆ ಇದೇ ಹೆಚ್ಚು ಇಷ್ಟವಾಯಿತು.

ಶಿರಸಿ ಪೇಟೆಯ ಅಂಗಡಿಗಳಲ್ಲೂ ತೊಡೆದೇವು ಸಿಗುತ್ತದೆ. ಆದರೆ ಸಾಧ್ಯವಾದರೆ ಆಲೆಮನೆ ಕಾಲದಲ್ಲೇ ಹೋಗಿ, ಒಲೆಯ ಪಕ್ಕ ಕೂತು ತಿನ್ನಿ.

ಮರುದಿನ ಆಯಿ ಒಂದು ಡಬ್ಬಿ ತುಂಬಿಸಿ ಕೊಟ್ಟರು. ಘಟ್ಟ ಇಳಿಯುವಾಗ ತಿರುವು ತಿರುವಿಗೂ ಅದನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದೆ. ಮನೆಯಲ್ಲಿ ಅಮ್ಮ ಮುಚ್ಚಳ ತೆಗೆದು ನೋಡಿ, ಮಾತಾಡದೆ ಹಾಲು ಬಿಸಿಗಿಟ್ಟಳು.