ಪಾರ್ಲೇ ಕಟ್ಟೋದಾ, ಪಿಕ್ 5 ತಗೊಳ್ಳೋದಾ?

ಅಮೆರಿಕದ ರೇಸ್ ನೋಡುವವರಲ್ಲಿ ಈ ವಾದ ಮುಗಿಯುವುದೇ ಇಲ್ಲ. ಮೂರು ರೇಸ್‌ನಲ್ಲಿ ಮೂರು ಕುದುರೆ ಹಿಡಿಸಿವೆ ಅಂದ್ಕೊಳ್ಳಿ. ಮೊದಲನೆಯದಕ್ಕೆ ವಿನ್ (ಅದೇ ಮೊದಲು ಬರುತ್ತೆ ಅಂತ) ಕಟ್ಟಿ, ಬಂದ ದುಡ್ಡನ್ನು ಪೂರ್ತಿ ಎರಡನೆಯದಕ್ಕೆ, ಅದು ಗೆದ್ದರೆ ಮತ್ತೆ ಪೂರ್ತಿ ಮೂರನೆಯದಕ್ಕೆ ಹಾಕಿದರೆ ಅದು ವಿನ್ ಪಾರ್ಲೇ. ಮೂರನ್ನೂ ಮೊದಲೇ ಒಂದೇ ಟಿಕೆಟ್‌ನಲ್ಲಿ ತಗೊಂಡರೆ ಪಿಕ್ 3; ರೇಸ್ ನಾಲ್ಕಾದರೆ ಪಿಕ್ 4, ಐದಾದರೆ ಪಿಕ್ 5. ಯಾವುದು ಲಾಭ? ಕುದುರೆ ಆಮೇಲೆ ನೋಡೋಣ, ಮೊದಲು ಕಮಿಷನ್ ನೋಡಿ.

ನ್ಯೂಯಾರ್ಕ್‌ನ ಸಾರಟೋಗಾ, ಅಕ್ವಿಡಕ್ಟ್ ಟ್ರ್ಯಾಕ್‌ಗಳಲ್ಲಿ ವಿನ್ ಪೂಲ್‌ನಿಂದ, ಅಂದರೆ ವಿನ್‌ಗೆ ಎಲ್ಲರೂ ಹಾಕಿದ ದುಡ್ಡಿನಿಂದ, ಕಮಿಷನ್ ಅಂತ 16% ಕಡಿತ. ಪಿಕ್ 3 ಮತ್ತು ಪಿಕ್ 4ಕ್ಕೆ 24%. ನೋಡಿದ ತಕ್ಷಣ ವಿನ್ನೇ ಅಗ್ಗ ಅನ್ಸುತ್ತೆ, ಅಲ್ವಾ? ಆದರೆ ಪಾರ್ಲೇಯಲ್ಲಿ ಪ್ರತಿ ರೇಸ್‌ಗೂ ಟೋಲ್ ಗೇಟ್ ಇದ್ದ ಹಾಗೆ. ಮೂರು ಸಲ 16% ಕಟ್ಟಿದ ಮೇಲೆ 100ರಲ್ಲಿ ಉಳಿಯುವುದು ಸುಮಾರು 59. ಪಿಕ್ 3ರಲ್ಲಿ ಒಂದೇ ಸಲ ಕಡಿತ, 76 ಉಳಿಯುತ್ತೆ. ಪಿಕ್ 5ರಲ್ಲಂತೂ ಕಡಿತವೇ 15%. ಅದೇ ಐದು ರೇಸ್‌ಗೆ ಪಾರ್ಲೇ ಕಟ್ಟಿದರೆ 58% ಹೋಗಿರುತ್ತೆ.

ಇದನ್ನು ರಿಸಲ್ಟ್ ಬಂದ ಮೇಲೆ ನೀವೇ ಪರೀಕ್ಷಿಸಬಹುದು. 2 ಡಾಲರ್ ವಿನ್‌ಗೆ ಮೂರು ಕುದುರೆ 6, 8, 10 ಡಾಲರ್ ಕೊಟ್ಟವು ಅನ್ನಿ. ಪಾರ್ಲೇ ಕಟ್ಟಿದವನ 2 ಡಾಲರ್ 120 ಆಗಿರುತ್ತೆ. ಬರೀ ಕಡಿತದ ಲೆಕ್ಕದಲ್ಲಿ, 59ರ ಬದಲು 76 ಉಳಿಯುವುದರಿಂದ, 2 ಡಾಲರ್ ಪಿಕ್ 3 ಸುಮಾರು 154 ಕೊಡಬೇಕು. ಕೆಲವು ದಿನ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತೆ, ಕೆಲವು ದಿನ 120ಕ್ಕಿಂತ ಕಡಿಮೆ. ಎಲ್ಲರೂ ಅದೇ ಫೇವರಿಟ್‌ಗಳನ್ನೇ (ಗೆಲ್ಲುತ್ತವೆ ಅಂತ ಹೆಚ್ಚು ಜನ ನಂಬಿದ ಕುದುರೆಗಳನ್ನೇ) ತಮ್ಮ ಟಿಕೆಟ್‌ಗೆ ತುಂಬಿಕೊಂಡಿದ್ದರೆ ಹೀಗಾಗುತ್ತೆ. ಅದಕ್ಕೇ ನಾನು ಹೇಳೋದು, ನಿಮ್ಮ ಮೂರೂ ಕುದುರೆ ಫೇವರಿಟ್ ಆಗಿದ್ದರೆ ಪಿಕ್ 3 ಕಡೆ ಸುಮ್ನೆ ಓಡಬೇಡಿ.

ಪಾರ್ಲೇಗೆ ಅದರದೇ ಅನುಕೂಲ ಇದೆ. ಮೊದಲ ಕುದುರೆ ಗೆದ್ದ ಮೇಲೆ ದುಡ್ಡು ನಿಮ್ಮ ಕೈಯಲ್ಲಿರುತ್ತೆ. ಮಳೆ ಬಂತಾ, ಟ್ರ್ಯಾಕ್ ಕೆಸರಾಯಿತಾ, ಪ್ಯಾಡಕ್‌ನಲ್ಲಿ (ರೇಸ್‌ಗೆ ಮುಂಚೆ ಕುದುರೆ ತೋರಿಸುವ ಜಾಗ) ಕುದುರೆ ಬೆವರಿ ಒದ್ದಾಡುತ್ತಿದೆಯಾ, ನಿಲ್ಲಿಸಿ ಮನೆಗೆ ಹೋಗಬಹುದು. ಪಿಕ್ ಟಿಕೆಟ್ ತಗೊಂಡ ಮೇಲೆ ಆ ಸ್ವಾತಂತ್ರ್ಯ ಇಲ್ಲ. ಜೊತೆಗೆ ಖರ್ಚು ಏರುವುದು ಗೊತ್ತೇ ಆಗಲ್ಲ: ಐದು ರೇಸ್‌ಗೆ 3, 2, 1, 4, 3 ಕುದುರೆ ಹಾಕಿದರೆ 72 ಕಾಂಬಿನೇಷನ್, 50 ಸೆಂಟ್‌ನಂತೆ 36 ಡಾಲರ್. ಒಂದು ರೇಸ್‌ನಲ್ಲಾದರೂ ಒಂದೇ ಕುದುರೆ ಮೇಲೆ ನಿಲ್ಲುವ ಧೈರ್ಯ ಇಲ್ಲದವರು ಪಿಕ್ 5 ಮುಟ್ಟದೇ ಇರೋದೇ ವಾಸಿ.

ಫ್ಲೋರಿಡಾದ ಗಲ್ಫ್‌ಸ್ಟ್ರೀಮ್ ಪಾರ್ಕ್‌ನ ರೇನ್‌ಬೋ 6 ಬೇರೆಯದೇ ಕಥೆ. ಅದು ಆರು ರೇಸ್‌ನ ಟಿಕೆಟ್, ಆರನ್ನೂ ಹೊಡೆದವರು ಒಬ್ಬರೇ ಇದ್ದರೆ ಮಾತ್ರ ಜಾಕ್‌ಪಾಟ್ ಪೂರ್ತಿ. ಅದನ್ನು ಹಂಚಲೇಬೇಕು ಅಂತ ಟ್ರ್ಯಾಕ್‌ನವರು ಘೋಷಿಸಿದ ದಿನ ಬಿಟ್ಟು ಬೇರೆ ದಿನ ನಾನಂತೂ ಆಡಲ್ಲ.

ಅಂದ ಹಾಗೆ, 2002ರ ಬ್ರೀಡರ್ಸ್ ಕಪ್‌ನ ಪಿಕ್ 6 ಹಗರಣ ನೆನಪಿದೆಯಾ? ಕಂಪ್ಯೂಟರ್ ವ್ಯವಸ್ಥೆಯ ಒಳಗಿನವನೇ ಒಬ್ಬ ಮೊದಲ ನಾಲ್ಕು ರೇಸ್ ಮುಗಿದ ಮೇಲೆ ಟಿಕೆಟ್ ತಿದ್ದಿ, ಉಳಿದ ಎರಡಕ್ಕೆ ಎಲ್ಲಾ ಕುದುರೆ ಹಾಕಿದ್ದ. ಕೊನೆಯ ರೇಸ್‌ನಲ್ಲಿ 43ಕ್ಕೆ 1ರ, ಅಂದರೆ ಹೆಚ್ಚು ಜನ ನಂಬದಿದ್ದ, ವೋಲ್ಪೋನಿ ಗೆದ್ದುಬಿಟ್ಟಿತು. ಗೆದ್ದ ಆರೂ ಟಿಕೆಟ್ ಒಬ್ಬನ ಹೆಸರಲ್ಲೇ ಇದ್ದವು. ಅನುಮಾನ ಬರದೇ ಇರುತ್ತಾ! ಫೇವರಿಟ್ ಗೆದ್ದಿದ್ದರೆ ಬಹುಶಃ ಸಿಕ್ಕಿಬೀಳುತ್ತಿರಲಿಲ್ಲ.

ನಮ್ಮ ಬೆಂಗಳೂರಿನ ಟ್ರೆಬಲ್ ಮೂರು ರೇಸ್, ಜಾಕ್‌ಪಾಟ್ ಐದು. ಜಾಕ್‌ಪಾಟ್‌ನಲ್ಲಿ ನಾಲ್ಕು ಹೊಡೆದವರಿಗೂ ಸ್ವಲ್ಪ ಸಿಗುತ್ತೆ, ಪೇಪರ್‌ನಲ್ಲಿ ಜಾಕ್‌ಪಾಟ್ ಎದುರು ಎರಡು ಮೊತ್ತ ಇರೋದು ಅದಕ್ಕೇ. ಆದರೆ ಇಲ್ಲಿ ಟೋಟ್‌ಗೆ (ಎಲ್ಲರ ದುಡ್ಡೂ ಒಂದೇ ಪೂಲ್‌ಗೆ ಸೇರುವ ಬೆಟ್ಟಿಂಗ್) ಹಾಕುವ ದುಡ್ಡಿನ ಮೇಲೇ ಜಿಎಸ್‌ಟಿ ಇದೆ. 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಗೆದ್ದ ದುಡ್ಡನ್ನು ಮತ್ತೆ ಕಟ್ಟಿದರೆ ಮತ್ತೆ ತೆರಿಗೆ. ಟೋಟ್‌ನಲ್ಲಿ ಪಾರ್ಲೇ ಕಟ್ಟುವ ಮಾತನ್ನೇ ಬಿಟ್ಟುಬಿಡಿ.