ಲಾರಮಿಯ ಕೊಲೆ ದುಡ್ಡಿಗಾ, ದ್ವೇಷಕ್ಕಾ?

ನಾನಿರೋದು ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ. ಕಾರಿನಲ್ಲಿ ಉತ್ತರಕ್ಕೆ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಹೋದರೆ ವಯೋಮಿಂಗ್ ರಾಜ್ಯದ ಲಾರಮಿ ಸಿಗುತ್ತೆ. ಸುಮಾರು 7,200 ಅಡಿ ಎತ್ತರ, ಸದಾ ಗಾಳಿ, ಒಂದು ಯೂನಿವರ್ಸಿಟಿ. ನಮ್ಮ ಗಂಗಾವತಿಗಿಂತ ಎಷ್ಟೋ ಚಿಕ್ಕ ಊರು. 1998ರ ಅಕ್ಟೋಬರ್‌ನಲ್ಲಿ ಅಲ್ಲಿನ ಬಾರ್ ಒಂದರಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ವಿದ್ಯಾರ್ಥಿಯನ್ನು ಇಬ್ಬರು ಹುಡುಗರು ಮಾತಾಡಿಸಿದರು, ಗಾಡಿ ಹತ್ತಿಸಿಕೊಂಡು ಊರಾಚೆ ಕರೆದೊಯ್ದರು, ಪರ್ಸು ಕಿತ್ತುಕೊಂಡು ಬೇಲಿಗೆ ಕಟ್ಟಿ ಪಿಸ್ತೂಲಿನಿಂದ ತಲೆಗೆ ಬಡಿದು ಬಿಟ್ಟು ಬಂದರು. ಮರುದಿನ ಅವನನ್ನು ನೋಡಿದ ಸೈಕಲ್ ಸವಾರ ಮೊದಲು ಬೆದರುಬೊಂಬೆ ಅಂದುಕೊಂಡನಂತೆ. ಅಕ್ಟೋಬರ್ 12ಕ್ಕೆ ಇಲ್ಲೇ, ಫೋರ್ಟ್ ಕಾಲಿನ್ಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಮ್ಯಾಥ್ಯೂ ಗೇ ಆಗಿದ್ದ.

ಗಂಗಾವತಿಯಲ್ಲಿರುವ ನನ್ನ ಸೋದರಮಾವ ಪೊಲೀಸ್ ಇಲಾಖೆಯಿಂದ ರಿಟೈರ್ ಆದವರು. ಫೋನಿನಲ್ಲಿ ಇದನ್ನು ಹೇಳಿದಾಗ ಅವರ ಉತ್ತರ: "ರೊಕ್ಕಕ್ಕ ಹೊಡದಾರ ಬಿಡಪ. ಬ್ಯಾರೆ ಬಣ್ಣ ಯಾಕ ಹಚ್ಚತೀರಿ?"

ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ದರೋಡೆ ನಿಜ, ಶೂ ಕೂಡ ಬಿಡಲಿಲ್ಲ. ಹೊಡೆದ ಆರನ್ ಮ್ಯಾಕಿನ್ನಿ ಅದೇ ರಾತ್ರಿ ಊರಿಗೆ ವಾಪಸ್ ಬಂದು ಇನ್ನೊಬ್ಬ ಹುಡುಗನ ತಲೆಯನ್ನೂ ಒಡೆದ. 2004ರಲ್ಲಿ ಟೀವಿಯವರ ಮುಂದೆ, ಇದು ಡ್ರಗ್ಸ್ ಮತ್ತು ದುಡ್ಡಿನ ವಿಷಯ ಅಷ್ಟೇ ಅಂದ. ತನಿಖೆ ಮಾಡಿದ ಪೊಲೀಸರಲ್ಲೇ ಕೆಲವರು ಇದನ್ನು ಒಪ್ಪಲಿಲ್ಲ.

ಆದರೆ 1999ರ ವಿಚಾರಣೆಯಲ್ಲಿ ಇವನ ವಕೀಲರು ಹೇಳಿದ್ದೇ ಬೇರೆ. ಮ್ಯಾಥ್ಯೂ ಮೈಮೇಲೆ ಕೈ ಹಾಕಿದ, ಇವನಿಗೆ ತಲೆ ಕೆಟ್ಟಿತು ಅಂತ. ಜಡ್ಜ್ ಆ ವಾದಕ್ಕೆ ಅವಕಾಶ ಕೊಡಲಿಲ್ಲ. ಜನ ಒಪ್ಪಬಹುದು ಅನ್ನಿಸಿದಾಗ 'ಗೇ ಮುಟ್ಟಿದ' ಅನ್ನೋದೇ ಕಾರಣ, ಅದರಿಂದ ಉಪಯೋಗವಿಲ್ಲ ಅಂತಾದಮೇಲೆ ಡ್ರಗ್ಸ್! ಕೊಂದವನನ್ನೇ ಯಾಕೆ ಕೊಂದೆ ಅಂತ ಕೇಳಿದರೆ ಇಷ್ಟೇ ಸಿಗೋದು. ಇಬ್ಬರಿಗೂ ಎರಡೆರಡು ಜೀವಾವಧಿ ಶಿಕ್ಷೆಯಾಯಿತು.

ನನಗೆ ಕಾಣುವುದು ಇನ್ನೊಂದು. ತಾವೂ ಗೇ ಎಂದು ನಟಿಸಿ ಅವನನ್ನು ಗಾಡಿ ಹತ್ತಿಸಿದರು ಎಂಬ ಮಾತು ಆಗಲೇ ಹೊರಬಂದಿತ್ತು. ಬಾರ್ ತುಂಬ ಜನರಿದ್ದಾಗ ಇವನನ್ನೇ ಯಾಕೆ ಆರಿಸಿದರು? ಪರ್ಸು ಕೈಗೆ ಬಂದ ಮೇಲೂ ಅಷ್ಟು ಹೊಡೆತ ಯಾಕೆ?

ಮಾವನನ್ನೇ ಕೇಳಿದೆ. ನಮ್ಮ ಕಡೆ ಒಬ್ಬ ಗೇ ಹುಡುಗನನ್ನು ಆ್ಯಪ್‌ನಲ್ಲಿ ಪರಿಚಯ ಮಾಡಿಕೊಂಡು, ಕಾಲುವೆ ದಂಡೆಗೆ ಕರೆಸಿ, ಫೋನು ದುಡ್ಡು ಕಿತ್ತುಕೊಂಡರೆ ಅವನು ಸ್ಟೇಷನ್‌ಗೆ ಬರ್ತಾನಾ?

"ಬರಂಗಿಲ್ಲ. ಮನ್ಯಾಗ ಗೊತ್ತಾಗತೈತಲ್ಲ."

ಒಂದೇ ಲಿಂಗದ ಇಬ್ಬರು ವಯಸ್ಕರು ಒಪ್ಪಿ ಕೂಡಿದರೆ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ಕ್ಕೇ ಹೇಳಿದೆ. ಆದರೂ ಆ ಹುಡುಗ ಬಾಯಿ ಬಿಡಲ್ಲ ಅನ್ನೋ ಲೆಕ್ಕ ಕಳ್ಳನಿಗೆ ಚೆನ್ನಾಗಿ ಗೊತ್ತು. ಅಂಥ ಕಳ್ಳನಿಗೆ ಸ್ವಂತ ದ್ವೇಷ ಇರಲೇಬೇಕಂತಿಲ್ಲ, ಊರಿನದ್ದೇ ಸಾಕು. ಹಾಗಿದ್ದಾಗ ಅದನ್ನು ಬರೀ ದರೋಡೆ ಅನ್ನೋಕಾಗುತ್ತಾ?

"ಹಂಗಾರ ಎಫ್‌ಐಆರ್‌ನ್ಯಾಗ ಏನಂತ ಬರೀಬೇಕು?" ಅಂದರು ಮಾವ. ಪ್ರಶ್ನೆ ಸರಿಯಾಗೇ ಇದೆ. ಅಮೆರಿಕದಲ್ಲಿ ಇಂಥ ದ್ವೇಷದ ಅಪರಾಧಗಳಿಗೆ ಅಂತ ಮ್ಯಾಥ್ಯೂ ಹೆಸರೂ ಇರುವ ಕೇಂದ್ರ ಕಾನೂನು ಬಂದಿದ್ದು 2009ರಲ್ಲಿ, ಅವನು ಸತ್ತು 11 ವರ್ಷಕ್ಕೆ. ಐಪಿಸಿ ಬದಲಿಗೆ ಬಂದ ನಮ್ಮ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂನಲ್ಲಿ ಐದು ಜನ ಅಥವಾ ಜಾಸ್ತಿ ಸೇರಿ ಕೊಂದಾಗ ಜಾತಿ, ಲಿಂಗ, ಭಾಷೆ ಅಂತ ಕಾರಣಗಳ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಗೇ ಅನ್ನೋ ಕಾರಣದ ಹೆಸರಿಲ್ಲ. ಇಬ್ಬರೇ ಕೊಂದರೆ ಆ ಕಲಂ ಅನ್ವಯಿಸೋದೇ ಇಲ್ಲ.